ಓದುಗರ ಪ್ರಶ್ನೆ, ನಮ್ಮ ಉತ್ತರ: ಬಫರ್ ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು?

ಮಳೆಗಾಲದಲ್ಲಿ ಕೊಡಗಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ತೋಟದ ಮಳೆಮಾಪಕ, ತೂಕದ ಯಂತ್ರ, ಹೊಳೆಯ ನೀರಿನ ಮಟ್ಟ ಅಳೆಯುವ ಸೆನ್ಸರ್ ಇವುಗಳಿಂದ ಬರುವ ಡೇಟಾವನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದಿಟ್ಟು ಮುಂದೆ ಕಳಿಸುವ ಜಾಗ, ಅಂದರೆ ಬಫರ್. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಲವು ತೋಟಗಳ ಮಳೆಮಾಪಕಗಳು ಟಿಸಿಪಿ (ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವ ನಿಯಮಾವಳಿ) ಮೂಲಕ ನಮ್ಮ ಸರ್ವರ್‌ಗೆ ಮಾಹಿತಿ ಕಳಿಸುತ್ತವೆ. ಪ್ರೋಗ್ರಾಂ ಸಿ ಭಾಷೆಯಲ್ಲಿದೆ, 1024 ಬೈಟ್‌ನ ಅರೇ ಇಟ್ಟಿದ್ದೇವೆ. ಒಂದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಎಲ್ಲ ಸರಿ. ತೋಟದಿಂದ ಬರುವಾಗ ಮಾತ್ರ ಒಮ್ಮೆ ಅರ್ಧ ಸಂದೇಶ, ಇನ್ನೊಮ್ಮೆ ಎರಡು ಸಂದೇಶ ಅಂಟಿಕೊಂಡು ಬರುತ್ತವೆ. ನೆಟ್‌ವರ್ಕ್ ಕೆಟ್ಟಿದೆಯೇ?
(ಮಡಿಕೇರಿ)

ಉತ್ತರ: ನೆಟ್‌ವರ್ಕ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಟಿಸಿಪಿ ಬೈಟ್‌ಗಳನ್ನು ಕಳಿಸಿದ ಕ್ರಮದಲ್ಲೇ ತಲುಪಿಸುತ್ತದೆ, ಆದರೆ ಒಂದು ಸಂದೇಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಆ ಕಡೆ ಒಮ್ಮೆ ‘ಸೆಂಡ್’ ಮಾಡಿದ್ದು ಈ ಕಡೆ ಒಂದೇ ‘ರೀಡ್’ನಲ್ಲಿ ಬರಲೇಬೇಕೆಂದಿಲ್ಲ. ಗಡಿ ಹಾಕುವ ಕೆಲಸ ನಿಮ್ಮದು. ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು 4 ಬೈಟ್‌ನಲ್ಲಿ ಬರೆಯಿರಿ. ಪಠ್ಯ ಮಾತ್ರ ಹೋಗುವುದಾದರೆ ಪ್ರತಿ ಸಾಲಿನ ಕೊನೆಗೆ ಹೊಸಸಾಲಿನ ಚಿಹ್ನೆ ಇಟ್ಟರೂ ಆಯಿತು.

ಬಫರ್‌ಗೆ ಎರಡು ಗುರುತು ಬೇಕು: ಎಲ್ಲಿಯವರೆಗೆ ಓದಿ ಮುಗಿಸಿದ್ದೇವೆ ಎನ್ನುವ ಓದು-ಗುರುತು, ಎಲ್ಲಿಯವರೆಗೆ ಡೇಟಾ ತುಂಬಿದೆ ಎನ್ನುವ ಬರೆ-ಗುರುತು. ಇವೆರಡರ ನಡುವೆ ಇರುವುದಷ್ಟೇ ಬಾಕಿ ಡೇಟಾ. ನಿಮ್ಮ 1024 ಬೈಟ್‌ನ ಬಫರನ್ನೇ ತೆಗೆದುಕೊಳ್ಳಿ. ಪ್ರತಿ ಸಂದೇಶ 300 ಬೈಟ್, ಉದ್ದದ 4 ಬೈಟ್ ಸೇರಿ 304. ಎರಡು ಸಂದೇಶ ಮುಗಿದಿವೆ, ಓದು-ಗುರುತು 608ರಲ್ಲಿದೆ, ಬರೆ-ಗುರುತು 700ರಲ್ಲಿದೆ. ಬಾಕಿ ಇರುವುದು 92 ಬೈಟ್, ಬೇಕಾದದ್ದು 304. ಈಗ ಏನನ್ನೂ ಮುಟ್ಟದೆ ಕಾಯಬೇಕು. ಮುಂದಿನ ರೀಡ್‌ನಲ್ಲಿ 212 ಬೈಟ್ ಬಂದರೆ ಬರೆ-ಗುರುತು 912ಕ್ಕೆ ಹೋಗುತ್ತದೆ, ಸಂದೇಶ ಪೂರ್ತಿಯಾಗುತ್ತದೆ. ಅದನ್ನು ಸಂಸ್ಕರಿಸಿದ ಮೇಲೆ ಎರಡೂ ಗುರುತು ಒಂದೇ ಕಡೆ ನಿಂತರೆ, ಎರಡನ್ನೂ ಸೊನ್ನೆಗೆ ತನ್ನಿ. ಒಂದು ಬೈಟ್ ಕೂಡ ನಕಲು ಮಾಡದೆ ಬಫರ್ ಮತ್ತೆ ಖಾಲಿ. ಒಂದೇ ರೀಡ್‌ನಲ್ಲಿ ಎರಡು ಮೂರು ಸಂದೇಶ ಬಂದಿರಬಹುದು, ಹಾಗಾಗಿ ಪೂರ್ತಿ ಸಂದೇಶ ಸಿಗುತ್ತಿರುವಷ್ಟು ಹೊತ್ತೂ ಲೂಪ್‌ನಲ್ಲಿ ತೆಗೆಯುತ್ತಲೇ ಇರಬೇಕು.

ಕೊನೆಯಲ್ಲಿ ಜಾಗ ಸಾಲದಿದ್ದಾಗ ತಕ್ಷಣ ಬಫರ್ ಬೆಳೆಸಬೇಡಿ, ಮೊದಲು ಮುಂಭಾಗದಲ್ಲಿ ಖಾಲಿಯಾದ ಜಾಗ ನೋಡಿ. ಓದು-ಗುರುತು 608, ಬರೆ-ಗುರುತು 1000 ಇದ್ದು, ಈಗಿನ ಸಂದೇಶ ಒಟ್ಟು 604 ಬೈಟ್ ಎನ್ನೋಣ. ಬಂದಿರುವುದು 392, ಇನ್ನೂ 212 ಬೇಕು, ಕೊನೆಯಲ್ಲಿ ಉಳಿದಿರುವುದು 24 ಮಾತ್ರ. ಆದರೆ ಮುಂಭಾಗದ 608 ಸೇರಿಸಿದರೆ 632 ಇದೆ. ಬಾಕಿ 392 ಬೈಟ್‌ಗಳನ್ನು ಬಫರಿನ ಮುಂಭಾಗಕ್ಕೆ ಸರಿಸಿದರೆ ಸಾಕು. ಸಿ ಭಾಷೆಯಲ್ಲಿ ನಕಲು ಮಾಡುವ ಎರಡು ಕರೆಗಳಲ್ಲಿ, ಸರಿಸಲು ‘ಮೆಮ್‌ಮೂವ್’ ಬಳಸಿ, ‘ಮೆಮ್‌ಕಾಪಿ’ ಬೇಡ. ಈ ಉದಾಹರಣೆಯಲ್ಲಿ ಹಳೆ ಜಾಗ, ಹೊಸ ಜಾಗ ಒಂದರ ಮೇಲೊಂದು ಬೀಳುವುದಿಲ್ಲ. ಓದು-ಗುರುತು 100ರಲ್ಲಿದ್ದರೆ ಬೀಳುತ್ತದೆ, ಆಗ ಮೆಮ್‌ಕಾಪಿಯ ಫಲಿತಾಂಶಕ್ಕೆ ಖಾತರಿ ಇಲ್ಲ. ಹಾಗೆಂದು ಪ್ರತಿ ಸಂದೇಶ ಮುಗಿದ ಕೂಡಲೇ ಸರಿಸುವುದೂ ತಪ್ಪು. 64 ಕೆಬಿ ಬಫರಿನಲ್ಲಿ 64 ಬೈಟ್‌ನ 1024 ಸಂದೇಶ ತುಂಬಿದ್ದು, ಒಂದೊಂದು ಮುಗಿದಾಗಲೂ ಉಳಿದದ್ದನ್ನು ಸರಿಸಿದರೆ ಒಟ್ಟು ಸುಮಾರು 32 ಎಂಬಿ ನಕಲು ಆಗುತ್ತದೆ. ಜಾಗ ಸಾಲದಾಗ ಮಾತ್ರ ಸರಿಸಿ. ಸರಿಸಿದರೂ ಸಾಲದಾಗ ಮಾತ್ರ ಬೆಳೆಸಿ.

ಇನ್ನೊಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಬಫರ್ ಪೂರ್ತಿ ತುಂಬಿರುವಾಗ ರೀಡ್ ಕರೆದರೆ ನೀವು ಕೇಳುವ ಗಾತ್ರ ಸೊನ್ನೆ ಆಗುತ್ತದೆ, ಉತ್ತರವೂ ಸೊನ್ನೆ ಬರುತ್ತದೆ. ಸಾಕೆಟ್‌ನಲ್ಲಿ (ನೆಟ್‌ವರ್ಕ್ ಸಂಪರ್ಕದ ತುದಿಯಲ್ಲಿ) ಸೊನ್ನೆ ಎಂದರೆ ಆ ಕಡೆಯವರು ಸಂಪರ್ಕ ಮುಚ್ಚಿದರು ಎಂದರ್ಥ. ಪ್ರೋಗ್ರಾಂ ಒಳ್ಳೆಯ ಸಂಪರ್ಕವನ್ನು ತಾನೇ ಕಡಿದುಹಾಕುತ್ತದೆ, ದೂರು ಮಾತ್ರ ಟವರಿನ ಮೇಲೆ ಹೋಗುತ್ತದೆ. ರೀಡ್ ಕರೆಯುವ ಮೊದಲು ಕೊನೆಯಲ್ಲಿ ಜಾಗ ಇದೆಯೇ ಎಂದು ನೋಡುವ ಸಾಲು ಇರಲೇಬೇಕು.

ಪ್ರಶ್ನೆ: ಮೇಲಿನಂತೆಯೇ 4 ಬೈಟ್ ಉದ್ದ ಹಾಕಿದ್ದೇವೆ. ಆದರೆ ಮೊದಲ ಸಂದೇಶಕ್ಕೇ ಸರ್ವರ್ 700 ಎಂಬಿಗೂ ಹೆಚ್ಚು ಮೆಮೊರಿ ಕೇಳಿ ಬೀಳುತ್ತದೆ. ಕಳಿಸಿದ್ದು 300 ಬೈಟ್.
(ಕುಶಾಲನಗರ)

ಉತ್ತರ: ಬೈಟ್‌ಗಳ ಕ್ರಮ ತಿರುಗಿದೆ. 300 ಎಂಬ ಸಂಖ್ಯೆ ನೆಟ್‌ವರ್ಕ್ ಕ್ರಮದಲ್ಲಿ, ಅಂದರೆ ದೊಡ್ಡ ಸ್ಥಾನದ ಬೈಟ್ ಮೊದಲು, 0, 0, 1, 44 ಎಂದು ಬರುತ್ತದೆ. ಸಣ್ಣ ಸ್ಥಾನದ ಬೈಟ್ ಮೊದಲೆಂದು ತಿಳಿಯುವ ಇಂಟೆಲ್ ಪ್ರೊಸೆಸರ್ ಅದನ್ನು ನೇರ ಪೂರ್ಣಾಂಕವಾಗಿ ಓದಿದರೆ 73,82,63,040 ಎಂದಾಗುತ್ತದೆ, ಅಂದರೆ 704 ಎಂಬಿ. ನಿಮ್ಮ ಲೆಕ್ಕಕ್ಕೆ ಸರಿಹೊಂದುವ ಸಂಖ್ಯೆ ಇದೇ. ನಾಲ್ಕು ಬೈಟ್‌ಗಳನ್ನು ಒಂದೊಂದಾಗಿ ತೆಗೆದು ಶಿಫ್ಟ್ ಮಾಡಿ ಜೋಡಿಸಿ, ಅಥವಾ ಮೆಮ್‌ಕಾಪಿ ಮಾಡಿ ಕ್ರಮ ಸರಿಪಡಿಸುವ ‘ಎನ್‌ಟುಎಚ್‌ಎಲ್’ ಬಳಸಿ. ಬಫರಿನ ನಡುವಿನ ವಿಳಾಸವನ್ನೇ ಪೂರ್ಣಾಂಕದ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದ ಚರ) ಮಾಡಿ ಓದಬೇಡಿ, ಕೆಲವು ಪ್ರೊಸೆಸರ್‌ಗಳಲ್ಲಿ ಅದೇ ಇನ್ನೊಂದು ಕ್ರ್ಯಾಶ್.

ಕ್ರಮ ಸರಿಪಡಿಸಿದರೆ ಕೆಲಸ ಅರ್ಧ ಮುಗಿಯಿತು ಅಷ್ಟೆ. ಹೊರಗಿನಿಂದ ಬಂದ ಉದ್ದವನ್ನು ಪರೀಕ್ಷಿಸದೆ ಮೆಮೊರಿ ಕೇಳಿದ್ದೇ ನಿಜವಾದ ದೋಷ. ಮಳೆಮಾಪಕದ ಸಂದೇಶ 16 ಕೆಬಿ ದಾಟಲು ಕಾರಣವೇ ಇಲ್ಲ ಎಂದಾದರೆ, ಅದಕ್ಕಿಂತ ದೊಡ್ಡ ಉದ್ದ ಕಂಡ ಕ್ಷಣ ಸಂಪರ್ಕ ಮುಚ್ಚಿ ಲಾಗ್ ಬರೆಯಿರಿ. ಈ ಪರೀಕ್ಷೆ ಉದ್ದಕ್ಕೆ 4 ಕೂಡುವ ಮೊದಲೇ ಆಗಬೇಕು. 32 ಬಿಟ್‌ನಲ್ಲಿ 4294967295ಕ್ಕೆ 4 ಕೂಡಿದರೆ ಉತ್ತರ 3. ಆ ಮೂರು ನಿಮ್ಮ ಮಿತಿಯೊಳಗೆ ಸಲೀಸಾಗಿ ತೂರುತ್ತದೆ. ‘ಉದ್ದ + 4 ಮಿತಿಗಿಂತ ಹೆಚ್ಚೇ’ ಎಂದು ಕೇಳದೆ ‘ಉದ್ದವು ಮಿತಿ − 4ಕ್ಕಿಂತ ಹೆಚ್ಚೇ’ ಎಂದು ಕೇಳಿ.

ಹೇಳಿದ ಉದ್ದವನ್ನು ನಂಬುವುದು ಎಷ್ಟು ದುಬಾರಿ ಎಂಬುದಕ್ಕೆ 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ಎಂಬ ದೋಷ ಸಾಕ್ಷಿ. ಅಂತರ್ಜಾಲ ಸಂಪರ್ಕವನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.0.1 ಸರಣಿಯಲ್ಲಿ, ಸಂದೇಶದಲ್ಲಿ ಬರೆದ ಉದ್ದವನ್ನು ನಿಜವಾಗಿ ಬಂದ ಬೈಟ್‌ಗಳ ಜೊತೆ ಹೋಲಿಸಿ ನೋಡುವ ಸಾಲು ಇರಲಿಲ್ಲ. ಪುಟ್ಟ ಸಂದೇಶ ಕಳಿಸಿ ಉದ್ದ ದೊಡ್ಡದೆಂದು ಬರೆದವರಿಗೆ, ಸರ್ವರಿನ ಮೆಮೊರಿಯಿಂದ ಒಂದು ಸಲಕ್ಕೆ 64 ಕೆಬಿವರೆಗೆ ವಾಪಸ್ ಹೋಗುತ್ತಿತ್ತು, ಪಾಸ್‌ವರ್ಡ್‌ಗಳೂ ಖಾಸಗಿ ಕೀಲಿಗಳೂ ಸೇರಿ.

ಪ್ರಶ್ನೆ: ಪ್ರತಿ ಸಲ ಎಷ್ಟು ಬೆಳೆಸಬೇಕು? ಬೇಕಾದಷ್ಟೇ ಬೆಳೆಸಿದರೆ ಮೆಮೊರಿ ಉಳಿಯುತ್ತದಲ್ಲ?
(ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ಮೆಮೊರಿ ಸ್ವಲ್ಪ ಉಳಿಯುತ್ತದೆ, ಸಮಯ ಬಹಳ ಹೋಗುತ್ತದೆ. 1 ಕೆಬಿಯಿಂದ ಶುರುಮಾಡಿ 1 ಎಂಬಿ ತಲುಪಬೇಕು ಎನ್ನಿ. ಪ್ರತಿ ಸಲ 1 ಕೆಬಿ ಮಾತ್ರ ಸೇರಿಸಿದರೆ 1023 ಸಲ ಬೆಳೆಸಬೇಕು. ಪ್ರತಿ ಸಲವೂ ಹಳೆಯದು ಹೊಸ ಜಾಗಕ್ಕೆ ನಕಲಾದರೆ ಒಟ್ಟು ನಕಲು 511 ಎಂಬಿ ಮೀರುತ್ತದೆ. ದುಪ್ಪಟ್ಟು ಮಾಡುತ್ತಾ ಹೋದರೆ 10 ಸಲ ಸಾಕು, ಒಟ್ಟು ನಕಲು 10,47,552 ಬೈಟ್, 1 ಎಂಬಿಗೂ ಕಡಿಮೆ. ಎಷ್ಟೇ ದೊಡ್ಡದಾದರೂ ಪ್ರತಿ ಬೈಟ್‌ಗೆ ಸರಾಸರಿ ಒಂದು ನಕಲಿನ ವೆಚ್ಚ ಮಾತ್ರ ಬೀಳುತ್ತದೆ.

ಎರಡು ಪಟ್ಟೋ ಒಂದೂವರೆ ಪಟ್ಟೋ ಎಂಬುದು ಹಳೆಯ ಚರ್ಚೆ. ಎರಡು ಪಟ್ಟಿನಲ್ಲಿ, ಹಿಂದೆ ಬಿಟ್ಟುಕೊಟ್ಟ ತುಂಡುಗಳನ್ನೆಲ್ಲ ಕೂಡಿದರೂ ಹೊಸದಕ್ಕೆ ಸಾಲುವುದಿಲ್ಲ, ಹಾಗಾಗಿ ಬಫರ್ ಸದಾ ಹೊಸ ಜಾಗಕ್ಕೇ ಹೋಗುತ್ತದೆ. 1.618ಕ್ಕಿಂತ ಕಡಿಮೆ ಪಟ್ಟಿದ್ದರೆ ಕೆಲವು ಹಂತಗಳ ನಂತರ ಹಳೆ ಜಾಗ ಮತ್ತೆ ಉಪಯೋಗಕ್ಕೆ ಬರಬಹುದು. ಜಿಸಿಸಿ ಕಂಪೈಲರ್ ಜೊತೆ ಬರುವ ಸಿ++ ಲೈಬ್ರರಿಯ ವೆಕ್ಟರ್ (ತಾನೇ ಬೆಳೆಯುವ ಅರೇ) ಎರಡು ಪಟ್ಟು ಬೆಳೆಯುತ್ತದೆ, ಮೈಕ್ರೋಸಾಫ್ಟ್‌ನದ್ದು ಒಂದೂವರೆ. ನಮಗೆ ಹೆಚ್ಚು ಹಿಡಿಸುವುದು ಹಂತ ಬದಲಿಸುವ ಕ್ರಮ. ರೆಡಿಸ್ ಎಂಬ ಡೇಟಾಬೇಸ್‌ನ ಸ್ಟ್ರಿಂಗ್ (ಪಠ್ಯ ಹಿಡಿಯುವ ಬಫರ್) 1 ಎಂಬಿವರೆಗೆ ದುಪ್ಪಟ್ಟು, ಆಮೇಲೆ ಪ್ರತಿ ಸಲ 1 ಎಂಬಿ ಮಾತ್ರ ಹೆಚ್ಚುವರಿ ಪಡೆಯುತ್ತದೆ. ಜಾವಾದ ನೆಟ್‌ವರ್ಕ್ ಲೈಬ್ರರಿಯಾದ ನೆಟ್ಟಿಯ ಬಫರ್ 4 ಎಂಬಿವರೆಗೆ ದುಪ್ಪಟ್ಟಾಗಿ ನಂತರ 4 ಎಂಬಿಯಂತೆ ಏರುತ್ತದೆ. 64 ಎಂಬಿಯ ಬಫರಿಗೆ 100 ಬೈಟ್ ಬೇಕೆಂದು ಇನ್ನೂ 64 ಎಂಬಿ ಕೇಳುವುದು ಸಣ್ಣ ಸರ್ವರ್‌ಗೆ ಭಾರ.

ಪ್ರಶ್ನೆ: ಬಫರ್ ಬೆಳೆದ ನಂತರ ಯಾವಾಗಲೋ ಒಮ್ಮೆ, ಸಂಬಂಧವೇ ಇಲ್ಲದ ಕಡೆ ಪ್ರೋಗ್ರಾಂ ಬೀಳುತ್ತದೆ. ಸಣ್ಣ ಸಂದೇಶಗಳಿಗೆ ಏನೂ ಆಗುವುದಿಲ್ಲ.
(ಪೊನ್ನಂಪೇಟೆ)

ಉತ್ತರ: ಹಳೆ ಬಫರಿನೊಳಗೆ ಕೈತೋರಿಸುತ್ತಿರುವ ಪಾಯಿಂಟರ್ ಎಲ್ಲೋ ಉಳಿದಿದೆ. ಮೆಮೊರಿಯ ತುಂಡನ್ನು ಬೆಳೆಸುವ ‘ರೀಅಲಾಕ್’, ಜಾಗ ಸಿಕ್ಕರೆ ಅಲ್ಲೇ ಬೆಳೆಸುತ್ತದೆ, ಸಿಗದಿದ್ದರೆ ಬೇರೆ ಕಡೆ ನಕಲು ಮಾಡಿ ಹಳೆಯದನ್ನು ಬಿಡುಗಡೆ ಮಾಡುತ್ತದೆ. ಅದಕ್ಕೇ ಒಮ್ಮೊಮ್ಮೆ ಮಾತ್ರ ತೊಂದರೆ ಕಾಣುವುದು. ಸಂದೇಶದ ಶುರುವಿಗೆ ಪಾಯಿಂಟರ್ ಇಡುವ ಬದಲು ಬಫರಿನ ಮೊದಲಿನಿಂದ ಎಷ್ಟನೇ ಬೈಟ್ ಎಂಬ ಸಂಖ್ಯೆ ಇಡಿ. ಮುಂಭಾಗಕ್ಕೆ ಸರಿಸಿದಾಗ ಆ ಸಂಖ್ಯೆಯಿಂದ ಓದು-ಗುರುತನ್ನು ಕಳೆಯುವುದು ಮರೆಯಬೇಡಿ. ಗೋ ಭಾಷೆಯಲ್ಲೂ ಇದೇ ಎಚ್ಚರ ಬೇಕು: ಬೈಟ್ಸ್ ಬಫರಿನಿಂದ ಪಡೆದ ಸ್ಲೈಸ್ (ಅದೇ ಜಾಗವನ್ನು ತೋರಿಸುವ ತುಣುಕು), ಬಫರನ್ನು ಮುಂದಿನ ಸಲ ಬದಲಿಸುವವರೆಗೆ ಮಾತ್ರ ನಂಬಿಕೆಗೆ ಅರ್ಹ.

ರೀಅಲಾಕ್‌ನ ಉತ್ತರವನ್ನು ಅದೇ ಪಾಯಿಂಟರಿಗೆ ನೇರವಾಗಿ ಹಾಕಿದ್ದರೆ ಅದನ್ನೂ ತಿದ್ದಿ. ಮೆಮೊರಿ ಸಿಗದಿದ್ದರೆ ಅದು ನಲ್ (ಯಾವ ಜಾಗವನ್ನೂ ತೋರಿಸದ ವಿಳಾಸ) ಕೊಡುತ್ತದೆ, ಹಳೆ ತುಂಡು ಹಾಗೇ ಉಳಿದಿರುತ್ತದೆ. ನೀವು ಮಾತ್ರ ಅದರ ವಿಳಾಸ ಕಳೆದುಕೊಂಡಿರುತ್ತೀರಿ. ತಾತ್ಕಾಲಿಕ ಪಾಯಿಂಟರಿಗೆ ಪಡೆದು, ನಲ್ ಅಲ್ಲವೆಂದು ಖಚಿತವಾದ ಮೇಲೆ ಬದಲಿಸಿ.

ಹುಡುಕುವ ದಾರಿ: ಮೆಮೊರಿ ತಪ್ಪುಗಳನ್ನು ಹಿಡಿಯುವ ‘ಅಡ್ರೆಸ್ ಸ್ಯಾನಿಟೈಜರ್’ ಹಾಕಿ ಕಂಪೈಲ್ ಮಾಡಿ. ಪರೀಕ್ಷೆಗೆ ಬಫರಿನ ಆರಂಭದ ಗಾತ್ರವನ್ನು 1 ಬೈಟ್‌ಗೆ ಇಳಿಸಿ, ಬೆಳೆಸುವಾಗಲೆಲ್ಲ ಹೊಸ ತುಂಡನ್ನೇ ಪಡೆಯುವಂತೆ ಮಾಡಿ. ತಿಂಗಳಿಗೊಮ್ಮೆ ಬರುವ ಕ್ರ್ಯಾಶ್ ಮೊದಲ ಸಂದೇಶಕ್ಕೇ ಬರುತ್ತದೆ, ಯಾವ ಸಾಲು ಎಂಬುದೂ ಸಿಗುತ್ತದೆ.

ಪ್ರಶ್ನೆ: ನಮ್ಮ ಸರ್ವರ್ ನೀರಿನ ಮಟ್ಟ ಮತ್ತು ಮಳೆಯ ಮಾಹಿತಿಯನ್ನು ಸುಮಾರು 200 ಮೊಬೈಲ್‌ಗಳಿಗೆ ನಿರಂತರ ಕಳಿಸುತ್ತದೆ. ಜೋರು ಮಳೆಯ ದಿನ ಅದರ ಮೆಮೊರಿ ಏರುತ್ತಲೇ ಹೋಗಿ ಲಿನಕ್ಸ್ ಅದನ್ನು ಕೊಂದುಹಾಕುತ್ತದೆ. ಮೆಮೊರಿ ಲೀಕ್ (ಪಡೆದು ಬಿಡಲು ಮರೆತ ಮೆಮೊರಿ) ಹುಡುಕಿದರೆ ಸಿಗುತ್ತಿಲ್ಲ.
(ಗೋಣಿಕೊಪ್ಪ)

ಉತ್ತರ: ಇದು ಲೀಕ್ ಅಲ್ಲ. ಹೊರಹೋಗುವ ಬಫರಿಗೆ ಮಿತಿ ಇಟ್ಟಿಲ್ಲ. ಸಿಗ್ನಲ್ ಬಿಟ್ಟುಬಿಟ್ಟು ಬರುವ ಕಡೆಯ ಮೊಬೈಲ್ ಡೇಟಾ ತೆಗೆದುಕೊಳ್ಳುವುದು ನಿಧಾನವಾಗುತ್ತದೆ, ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಬಫರ್ ತುಂಬುತ್ತದೆ, ನಂತರದ್ದೆಲ್ಲ ನಿಮ್ಮ ಪ್ರೋಗ್ರಾಂನಲ್ಲಿ ರಾಶಿ ಬೀಳುತ್ತದೆ. ಮಳೆ ಜೋರಾದಷ್ಟೂ ಡೇಟಾ ಹೆಚ್ಚು, ಸಿಗ್ನಲ್ ಕಡಿಮೆ. ಕಾಫಿ ಪಲ್ಪರ್‌ನ ಹಾಪರ್ ತುಂಬಿದರೆ ಹಣ್ಣು ಸುರಿಯುವುದನ್ನು ನಿಲ್ಲಿಸುತ್ತೇವೆ, ಹಾಪರಿಗೆ ಹಲಗೆ ಕಟ್ಟಿ ಎತ್ತರಿಸುತ್ತಾ ಹೋಗುವುದಿಲ್ಲ. ಇಲ್ಲಿಯೂ ಮಾಡಬೇಕಾದ್ದು ಅದೇ.

ಮೊದಲು ಕಳಿಸುವ ಕ್ರಮ ಸರಿಯಿದೆಯೇ ನೋಡಿ. 10,000 ಬೈಟ್ ಕೊಟ್ಟಾಗ ಸೆಂಡ್ 3,200 ಎಂದು ಹೇಳಬಹುದು. ಉಳಿದ 6,800 ಬಫರಿಗೆ ಹೋಗಬೇಕು. ಬಫರಿನಲ್ಲಿ ಬಾಕಿ ಇರುವಾಗ ಹೊಸ ಸಂದೇಶವನ್ನು ನೇರ ಕಳಿಸಿದರೆ ಕ್ರಮ ಕಲಸಿಹೋಗುತ್ತದೆ, ಅದೂ ಬಾಕಿಯ ಹಿಂದೆಯೇ ನಿಲ್ಲಬೇಕು. ‘ಬರೆಯಲು ಜಾಗವಿದೆ’ ಎಂಬ ಇಪೋಲ್ (ಸಾಕೆಟ್‌ಗಳ ಸ್ಥಿತಿ ತಿಳಿಸುವ ಲಿನಕ್ಸ್ ಸೌಲಭ್ಯ) ಸೂಚನೆಯನ್ನು ಬಾಕಿ ಇರುವಾಗ ಮಾತ್ರ ಕೇಳಿ, ಖಾಲಿಯಾದ ಕೂಡಲೇ ತೆಗೆಯಿರಿ. ಸದಾ ಕೇಳುತ್ತಿದ್ದರೆ ಲೂಪ್ ಸುಮ್ಮನೆ ಸುತ್ತಿ ಸಿಪಿಯು ನೂರು ಪ್ರತಿಶತ ಹತ್ತುತ್ತದೆ.

ಆಮೇಲೆ ಮಿತಿ. ಒಬ್ಬರಿಗೆ 1 ಎಂಬಿ ಎಂದರೆ 200 ಮಂದಿಗೆ ಹೆಚ್ಚೆಂದರೆ 200 ಎಂಬಿ, ಇದನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು. ಎರಡು ಮಟ್ಟ ಇಡುವುದು ವಾಡಿಕೆ: ನೆಟ್ಟಿಯಲ್ಲಿ ಬಾಕಿ 64 ಕೆಬಿ ದಾಟಿದರೆ ‘ಬರೆಯಬೇಡಿ’ ಎಂಬ ಸೂಚನೆ, 32 ಕೆಬಿಗಿಂತ ಕೆಳಗಿಳಿದ ಮೇಲೆ ‘ಬರೆಯಬಹುದು’ ಎಂಬ ಸೂಚನೆ. ಒಂದೇ ಮಟ್ಟವಿದ್ದರೆ ಪ್ರತಿ ಸಂದೇಶಕ್ಕೂ ಆನ್ ಆಫ್ ಆಗುತ್ತಿರುತ್ತದೆ. ನಿಮ್ಮ ಕೆಲಸಕ್ಕೆ ಹತ್ತಿರದ ಮಾದರಿ ರೆಡಿಸ್‌ನದ್ದು. ಅದರ ಪಬ್‌ಸಬ್ (ಒಂದೇ ಸಂದೇಶವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಗ್ರಾಹಕರಿಗೆ ಮೂಲ ಸೆಟ್ಟಿಂಗ್‌ನಲ್ಲಿ ಬಾಕಿ 32 ಎಂಬಿ ಮುಟ್ಟಿದರೆ ತಕ್ಷಣ, 8 ಎಂಬಿಗಿಂತ ಮೇಲೆ ಸತತ 60 ಸೆಕೆಂಡ್ ಇದ್ದರೂ ಸಂಪರ್ಕ ಕಡಿತ. ಕ್ಷಣಿಕ ಏರಿಕೆಗೆ ಅವಕಾಶ ಕೊಡುತ್ತದೆ, ಬಹುಕಾಲದ ನಿಧಾನಕ್ಕೆ ಕೊಡುವುದಿಲ್ಲ.

ಮಿತಿ ಮುಟ್ಟಿದಾಗ ಏನು ಮಾಡಬೇಕು ಎಂಬುದನ್ನು ಡೇಟಾದ ಸ್ವಭಾವ ನೋಡಿ ನಿರ್ಧರಿಸಿ. ಹಳೆಯದನ್ನು ಬಿಸಾಡಬಹುದೇ? ಹೊಳೆಯ ನೀರಿನ ಮಟ್ಟವಾದರೆ ಬಿಸಾಡಬಹುದು, ಈಗಿನ ಮಟ್ಟ ತಿಳಿದರೆ ಸಾಕು. ಮಳೆಮಾಪಕದಲ್ಲಿ ಹಾಗಲ್ಲ. 0.2 ಮಿ.ಮೀ. ಮಳೆಗೆ ಒಮ್ಮೆ ಪುಟ್ಟ ಬಟ್ಟಲು ಮಗುಚುವ ಮಾಪಕದಲ್ಲಿ ಒಂದು ಇಂಚು ಮಳೆಗೆ 127 ಮಗುಚು. ಒಂದೊಂದನ್ನೂ ಬೇರೆ ಸಂದೇಶವಾಗಿ ಕಳಿಸುತ್ತಿದ್ದರೆ, ಬಿಸಾಡಿದ ಪ್ರತಿ ಸಂದೇಶವೂ ಲೆಕ್ಕದಿಂದ ಹೋದ ಮಳೆ. ಬೆಳಿಗ್ಗೆಯಿಂದ ಈವರೆಗಿನ ಒಟ್ಟು ಎಣಿಕೆಯನ್ನೇ ಪ್ರತಿ ಸಲ ಕಳಿಸಿ. ಆಗ ನಡುವಿನ ಹತ್ತು ಸಂದೇಶ ಬಿದ್ದುಹೋದರೂ ಹನ್ನೊಂದನೆಯದರಲ್ಲಿ ಪೂರ್ತಿ ಲೆಕ್ಕ ಇರುತ್ತದೆ. ಯಾವುದನ್ನೂ ಬಿಡುವಂತಿಲ್ಲದ ಡೇಟಾ, ಉದಾಹರಣೆಗೆ ಕಾಫಿ ತೂಕದ ರಸೀದಿ, ಇದ್ದರೆ ಮೂಲದಿಂದ ಓದುವುದನ್ನು ನಿಲ್ಲಿಸಿ. ನೀವು ರೀಡ್ ಮಾಡದಿದ್ದರೆ ಟಿಸಿಪಿಯ ವಿಂಡೋ (ಇನ್ನೆಷ್ಟು ಕಳಿಸಬಹುದು ಎಂಬ ಅಳತೆ) ಮುಚ್ಚಿಕೊಂಡು ಆ ಕಡೆಯವರು ತಾವಾಗಿ ನಿಧಾನವಾಗುತ್ತಾರೆ.

ಆ ಕಡೆ ಮುಚ್ಚಿಹೋದ ಸಾಕೆಟ್‌ಗೆ ಬರೆದರೆ ಸಿಗ್‌ಪೈಪ್ ಸಿಗ್ನಲ್ ಬಂದು ಇಡೀ ಸರ್ವರ್ ಸದ್ದಿಲ್ಲದೆ ಮುಗಿಯುತ್ತದೆ. ಅದನ್ನು ಕಡೆಗಣಿಸುವ ಸಾಲು ಶುರುವಿನಲ್ಲೇ ಇರಲಿ.

ಪ್ರಶ್ನೆ: ಕನ್ನಡ ಪಠ್ಯ ಕಳಿಸಿದಾಗ ನಡುನಡುವೆ ಪ್ರಶ್ನಾರ್ಥಕ ಇರುವ ಕಪ್ಪು ಚೌಕಗಳು ಬರುತ್ತವೆ. ಇಂಗ್ಲಿಷ್‌ನಲ್ಲಿ ಬರುವುದಿಲ್ಲ.
(ಸೋಮವಾರಪೇಟೆ)

ಉತ್ತರ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಕೋಡ್‌ಗೆ 3 ಬೈಟ್. ‘ಕ’ ಎಂದರೆ 224, 178, 149. ‘ಕೊಡಗು’ ಎಂಬ ಪದಕ್ಕೆ ಕ, ಒಕಾರದ ಚಿಹ್ನೆ, ಡ, ಗ, ಉಕಾರದ ಚಿಹ್ನೆ ಸೇರಿ 15 ಬೈಟ್. ನೀವು 4096 ಬೈಟ್‌ನ ತುಂಡುಗಳಾಗಿ ಓದಿ, ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ಪಠ್ಯ ಮಾಡುತ್ತಿರಬೇಕು. 4096ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಬರೀ ಕನ್ನಡ ಅಕ್ಷರಗಳೇ ಇದ್ದರೆ ಮೊದಲ ತುಂಡಿನ ಕೊನೆಯ ಅಕ್ಷರ ಒಡೆಯಲೇಬೇಕು.

ಬೈಟ್‌ಗಳನ್ನು ಬೈಟ್‌ಗಳಾಗಿಯೇ ಬಫರಿನಲ್ಲಿಟ್ಟು, ಸಂದೇಶ ಪೂರ್ತಿಯಾದ ಮೇಲೆ ಒಮ್ಮೆಗೆ ಪಠ್ಯ ಮಾಡಿ. ದೊಡ್ಡ ಕಡತವನ್ನು ತುಂಡು ತುಂಡಾಗಿಯೇ ಓದಬೇಕಿದ್ದರೆ ಪೈಥಾನ್‌ನ ಇನ್‌ಕ್ರಿಮೆಂಟಲ್ ಡಿಕೋಡರ್ ಅರ್ಧ ಅಕ್ಷರವನ್ನು ಮುಂದಿನ ತುಂಡಿಗೆ ಕಾಯ್ದಿಡುತ್ತದೆ. ಸಾಲಿನ ಕೊನೆಯನ್ನು ಬೈಟ್‌ಗಳಲ್ಲೇ ಹುಡುಕಬಹುದು, ಭಯ ಬೇಡ: ಕನ್ನಡ ಅಕ್ಷರದ ಮೂರೂ ಬೈಟ್ 128ಕ್ಕಿಂತ ಕಡಿಮೆ ಇರುವುದಿಲ್ಲ, ಹೊಸಸಾಲಿನ 10 ಅದರೊಳಗೆ ಸಿಕ್ಕಿಕೊಳ್ಳುವುದಿಲ್ಲ. ಹುಡುಕಿದ್ದು ಎಲ್ಲಿಯವರೆಗೆ ಎಂದು ಮಾತ್ರ ನೆನಪಿಡಿ. ಪ್ರತಿ ರೀಡ್ ನಂತರ ಬಫರಿನ ಮೊದಲಿನಿಂದ ಮತ್ತೆ ಹುಡುಕಿದರೆ ಉದ್ದ ಸಾಲುಗಳಲ್ಲಿ ಪ್ರೋಗ್ರಾಂ ತೆವಳುತ್ತದೆ.

ಪ್ರಶ್ನೆ: ಆರ್ಡುಯಿನೊ ಊನೊದಲ್ಲೂ ಹೀಗೆ ಬೆಳೆಯುವ ಬಫರ್ ಮಾಡಬಹುದೇ?
(ನಾಪೋಕ್ಲು)

ಉತ್ತರ: ಬೇಡ. ಆರ್3ವರೆಗಿನ ಊನೊ ಬೋರ್ಡ್‌ನ ಒಟ್ಟು ರ್‍ಯಾಮ್ 2048 ಬೈಟ್. ಬೆಳೆಸುತ್ತಾ ಬಿಡುತ್ತಾ ಹೋದರೆ ಮೆಮೊರಿ ತೂತುತೂತಾಗಿ, ಜಾಗ ಇದ್ದೂ ಸಿಗದಂತಾಗುತ್ತದೆ. ಸ್ಥಿರ ಗಾತ್ರದ ವೃತ್ತಾಕಾರದ ಬಫರ್ (ಕೊನೆ ಮುಟ್ಟಿದಾಗ ಮತ್ತೆ ಮೊದಲಿನಿಂದ ತುಂಬುವಂಥದ್ದು) ಸಾಕು. ಅದರ ಸೀರಿಯಲ್ ಲೈಬ್ರರಿಯಲ್ಲೇ 64 ಬೈಟ್‌ನದ್ದೊಂದು ಇದೆ, ತುಂಬಿದೆಯೋ ಖಾಲಿಯೋ ಗುರುತಿಸಲು ಒಂದು ಮನೆ ಬಿಡುವುದರಿಂದ 63 ಬೈಟ್ ಹಿಡಿಯುತ್ತದೆ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್, ಒಂದು ಬೈಟ್‌ಗೆ 10 ಬಿಟ್) ಸೆಕೆಂಡಿಗೆ 960 ಬೈಟ್ ಬರುತ್ತವೆ, ಅಂದರೆ ಸುಮಾರು 66 ಮಿಲಿಸೆಕೆಂಡಿಗೆ ಅದು ಭರ್ತಿ. ಪ್ರೋಗ್ರಾಂನಲ್ಲಿ ಒಂದು ಸೆಕೆಂಡಿನ ‘ಡಿಲೇ’ ಇದ್ದು, ಆಗಲೇ ಉದ್ದನೆಯ ಸಂದೇಶ ಬಂದರೆ ಬಾಲವೆಲ್ಲ ಹೋಯಿತು. ಡಿಲೇ ತೆಗೆದು, ಸಮಯ ನೋಡಿಕೊಂಡು ಲೂಪ್ ಸುತ್ತುವಂತೆ ಬರೆಯಿರಿ.

ಪ್ರಶ್ನೆ: ತೋಟದ ರಾಸ್ಪ್‌ಬೆರಿ ಪೈ ನಿಮಿಷಕ್ಕೊಂದು ಸಾಲು ಕಡತಕ್ಕೆ ಬರೆಯುತ್ತದೆ. ಕರೆಂಟ್ ಹೋಗಿ ಬಂದಾಗ ಕೊನೆಯ ಒಂದು ಒಂದೂವರೆ ಗಂಟೆಯ ದಾಖಲೆ ಇರುವುದಿಲ್ಲ.
(ಸುಂಟಿಕೊಪ್ಪ)

ಉತ್ತರ: ನಿಮ್ಮ ಸಾಲು ಸುಮಾರು 40 ಬೈಟ್ ಇರಬೇಕು. ಕಡತಕ್ಕೆ ಬರೆಯುವಾಗ ಸಿ ಲೈಬ್ರರಿ ಸಾಮಾನ್ಯವಾಗಿ 4096 ಬೈಟ್ ತುಂಬುವವರೆಗೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಿಮಿಷಕ್ಕೆ 40ರಂತೆ ಅದು ತುಂಬಲು 102 ನಿಮಿಷ ಬೇಕು. ಪರದೆಯ ಮೇಲೆ ಪ್ರತಿ ಸಾಲೂ ತಕ್ಷಣ ಕಾಣುವುದರಿಂದ ಇದು ಅರಿವಿಗೆ ಬರುವುದಿಲ್ಲ.

‘ಎಫ್‌ಫ್ಲಶ್’ ಮಾಡಿದರೆ ಡೇಟಾ ಲೈಬ್ರರಿಯಿಂದ ಕರ್ನಲ್‌ಗೆ ಹೋಗುತ್ತದೆ, ಅಷ್ಟೆ. ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಅದು ಕಾರ್ಡಿಗೆ ಇಳಿಯಲು ಇನ್ನೂ 30 ಸೆಕೆಂಡ್ ಹಿಡಿಯಬಹುದು. ಹಾಗಾಗಿ ಎಫ್‌ಫ್ಲಶ್, ಅದರ ಹಿಂದೆಯೇ ಕಾರ್ಡಿಗೆ ಇಳಿಸುವ ‘ಎಫ್‌ಸಿಂಕ್’. ದಿನಕ್ಕೆ 1440 ಸಲ ಆಗುತ್ತದೆ, ಕಾರ್ಡಿಗೆ ಇದೇನೂ ಅತಿಯಲ್ಲ. ಮಾಪಕ ಮಗುಚಿದಾಗಲೆಲ್ಲ ಮಾಡಬೇಡಿ, ನಿಮಿಷದ ಲೆಕ್ಕ ಸೇರಿಸಿ ಒಮ್ಮೆ ಮಾಡಿ. ಪ್ರತಿ ಸಾಲಿನ ಕೊನೆಗೆ ಚೆಕ್‌ಸಮ್ (ಸಾಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆ) ಹಾಕಿದರೆ, ಕರೆಂಟ್ ಹೋದ ಗಳಿಗೆಯಲ್ಲಿ ಅರ್ಧ ಬರೆದ ಸಾಲನ್ನು ಮರುಶುರುವಿನಲ್ಲಿ ಗುರುತಿಸಿ ಕೈಬಿಡಬಹುದು.

ಪ್ರಶ್ನೆ: ಒಮ್ಮೆ ಬೆಳೆದ ಬಫರನ್ನು ಮತ್ತೆ ಕುಗ್ಗಿಸಬೇಕೇ?
(ಶನಿವಾರಸಂತೆ)

ಉತ್ತರ: ಪ್ರತಿ ಸಂದೇಶಕ್ಕೂ ಕುಗ್ಗಿಸಬೇಡಿ, ಮರುಕ್ಷಣವೇ ಬೆಳೆಸಬೇಕಾದೀತು. ಬಫರ್ ಖಾಲಿಯಾಗಿದ್ದು, ಗಾತ್ರ 64 ಕೆಬಿಗಿಂತ ದೊಡ್ಡದಿದ್ದು, ಕೆಲವು ನಿಮಿಷ ದೊಡ್ಡ ಸಂದೇಶ ಬಂದಿಲ್ಲವೆಂದರೆ ಅದನ್ನು ಬಿಟ್ಟು ಸಣ್ಣದೊಂದನ್ನು ಪಡೆಯಿರಿ. ಸಿ++ನಲ್ಲಿ ‘ಕ್ಲಿಯರ್’ ಮಾಡಿದರೆ ಉದ್ದ ಮಾತ್ರ ಸೊನ್ನೆಯಾಗುತ್ತದೆ, ಹಿಡಿದ ಮೆಮೊರಿ ಹಾಗೇ ಇರುತ್ತದೆ. ‘ಶ್ರಿಂಕ್ ಟು ಫಿಟ್’ ಬರೀ ಕೋರಿಕೆ, ಲೈಬ್ರರಿ ಒಪ್ಪಲೇಬೇಕೆಂದಿಲ್ಲ. ಬಫರಿನಲ್ಲಿ ಪಾಸ್‌ವರ್ಡ್ ಹಾದುಹೋಗುವುದಿದ್ದರೆ ರೀಅಲಾಕ್ ಬೇಡ, ಅದು ಬಿಟ್ಟುಬಂದ ಹಳೆ ಜಾಗದಲ್ಲಿ ಪಾಸ್‌ವರ್ಡ್‌ನ ನಕಲು ಉಳಿಯುತ್ತದೆ. ಹೊಸ ತುಂಡು ಪಡೆದು, ನಕಲು ಮಾಡಿ, ಹಳೆಯದನ್ನು ‘ಎಕ್ಸ್‌ಪ್ಲಿಸಿಟ್ ಬಿಝೀರೊ’ದಿಂದ ಅಳಿಸಿ ನಂತರ ಬಿಡುಗಡೆ ಮಾಡಿ. ಸಾಮಾನ್ಯ ‘ಮೆಮ್‌ಸೆಟ್’ ಹಾಕಿದರೆ, ಮುಂದೆ ಯಾರೂ ಓದದ ಜಾಗವೆಂದು ಕಂಪೈಲರ್ ಆ ಸಾಲನ್ನೇ ತೆಗೆದುಹಾಕಬಹುದು.